ಸೈರನ್ನಿಗೆ ಮೊದಲು

ಕೋಣೆಗಳ ಹಾಸು ಬಟ್ಟೆಗಳನ್ನೆಲ್ಲ ಡ್ರೈಯರಿನಿಂದ ತೆಗೆದು ಮಡಚಿಟ್ಟ ಮೇಲೆ ಗುಲಾಬಿ ತಮ್ಮ ಮೋಟೆಲಿನ ಹಿಂಬದಿಯ ಮೆಟ್ಟಿಲ ಮೇಲೆ ಕುಳಿತು ಶೂಗಳ ದಾರ ಬಿಗಿದಳು. ಎದುರಿಗೆ, ಜೋಳ ಕೊಯ್ದು ಕೂಳೆ ಉಳಿದ ಹೊಲದ ಆಚೆ, ಗುಡ್ಡ. ಬುಡದಿಂದ ಮುಕ್ಕಾಲು ಭಾಗ ಓಕ್ ಮರಗಳು ತುಕ್ಕಿನ ಬಣ್ಣಕ್ಕೆ ತಿರುಗಿ ನಿಂತಿದ್ದವು. ನೆತ್ತಿ ಮಾತ್ರ ಬೋಳು ಬಂಡೆ. ಊರವರು ಅದನ್ನು ಬಾಲ್ಡಿ, ಅಂದರೆ ಬೋಳುತಲೆ, ಎನ್ನುತ್ತಾರೆ. ನ್ಯೂಜೆರ್ಸಿಯಲ್ಲಿ ಗುಡ್ಡ ಉಂಟು ಎಂದರೆ ನ್ಯೂಯಾರ್ಕಿನ ಜ್ಯಾಕ್ಸನ್ ಹೈಟ್ಸಿನ ನೆಂಟರು ಈಗಲೂ ನಂಬುವುದಿಲ್ಲ.

ಪ್ರತಿ ಅಕ್ಟೋಬರಿನ ಒಂದು ಶನಿವಾರ ಊರಿನ ಫೈರ್ ಸ್ಟೇಷನ್ನಿನವರು ಗುಡ್ಡದ ಓಟ ಇಡುತ್ತಾರೆ. ಹನ್ನೊಂದಕ್ಕೆ ಸ್ಟೇಷನ್ನಿನ ಎದುರಿನಿಂದ ಹೊರಟು, ನೆತ್ತಿಯ ಮೇಲಿನ ಕಲ್ಲುಗುಪ್ಪೆಯವರೆಗೆ ಹತ್ತಿ, ಇಳಿದು ಬರಬೇಕು. ದಾರಿಗೆ ಗುರುತು ಹಾಕುವ ಪದ್ಧತಿ ಇಲ್ಲ. ಅವರವರ ದಾರಿ ಅವರವರದು. ಸ್ಟೇಷನ್ನಿನ ಸೈರನ್ ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಒಮ್ಮೆ ಕೂಗುತ್ತದೆ. ಅದು ಕೂಗುವ ಮೊದಲು ಬಂದವರ ಹೆಸರನ್ನು ಸ್ಟೇಷನ್ನಿನ ದೊಡ್ಡ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಮಳೆ ಬಂದು ತೊಳೆಯುವವರೆಗೆ ಅದು ಅಲ್ಲಿರುತ್ತದೆ. ಆಮೇಲೆ ಬಂದವರಿಗೂ ಸೂಪು ಸಿಗುತ್ತದೆ, ಚಪ್ಪಾಳೆಯೂ ಸಿಗುತ್ತದೆ, ಆದರೆ ಮುಂದಿನ ವರ್ಷದಿಂದ ಅವರು ನಡೆಯುವವರ ಗುಂಪು; ಹಟ ಹಿಡಿದು ಓಡುವವರನ್ನು ಮಾತ್ರ ಯಾರೂ ತಡೆಯುವುದಿಲ್ಲ.

ಈ ಊರಿಗೆ ಬಂದು ಮೋಟೆಲು ಹಿಡಿದ ಮೊದಲ ವರ್ಷಗಳಲ್ಲಿ ಗುಲಾಬಿಯ ಹೆಸರು ಆ ಬಾಗಿಲ ಮೇಲೆ ತಪ್ಪದೆ ಇರುತ್ತಿತ್ತು. ಒಂಬತ್ತು ವರ್ಷಗಳ ಹಿಂದಿನ ಓಟದಲ್ಲಿ, ಇಳಿಯುವಾಗ, ಗುಡ್ಡದ ಮೂಡು ಬದಿಯ ಕಲ್ಲುಗಳ ಮೇಲೆ ಬಿದ್ದಳು. ಪಾದದ ಮೇಲಿನ ಗಂಟು ಎರಡು ಕಡೆ ಮುರಿಯಿತು. ಒಳಗೆ ಪ್ಲೇಟು ಹಾಕಿದರು. ಆಮೇಲೆ ಅತ್ತೆಯ ಆರೈಕೆ, ಕೋವಿಡ್, ಕೆಲಸದವರಿಲ್ಲದ ಚಳಿಗಾಲಗಳು. ಒಂದು ವರ್ಷ ತಪ್ಪಿದ್ದು ಎಂಟಾಯಿತು. ಕಳೆದ ಮಾರ್ಚಿನಲ್ಲಿ ಹಿಮ ಕರಗಿದ ಮೇಲೆ, ಯಾರಿಗೂ ಹೇಳದೆ, ಬೆಳಗ್ಗೆ ಗುಡ್ಡದ ಬುಡದವರೆಗೆ ಹೋಗಿ ಬರಲು ಶುರು ಮಾಡಿದ್ದಳು. ಜೂನಿಗೆ ಅರ್ಧ ಗುಡ್ಡ. ಆಗಸ್ಟಿಗೆ ನೆತ್ತಿ. ಇಳಿಯುವಾಗ ಮಾತ್ರ ಪ್ರತಿ ಸಲವೂ ಕಾಡಿನ ಸುತ್ತುದಾರಿ. ಕಲ್ಲಿನ ಬದಿಯನ್ನು ಅವಳು ಮೇಲಿನಿಂದ ಇಣುಕಿ ನೋಡಿದ್ದಳು, ಅಷ್ಟೆ.

ಬಾಗಿಲು ಸರಿದ ಸದ್ದಾಯಿತು. ಗಂಡ ರಮಾನಾಥ ಸ್ಟೀಲಿನ ದೊಡ್ಡ ಕ್ಯಾನು ಹಿಡಿದು ಹೊರಗೆ ಬಂದ. ಅದರಲ್ಲಿ ಪುನರ್ಪುಳಿ ಹಣ್ಣಿನ ಕೆಂಪು ಶರಬತ್ತು. ಓಟ ಮುಗಿಸಿದವರಿಗೆ ಅದನ್ನು ಹಂಚುವುದು ಅವನ ವರ್ಷದ ಸೇವೆ. ಊರವರು ಅದನ್ನು 'ರೆಡ್ ಸ್ಟಫ್' ಎಂದು ಕೇಳಿ ಕುಡಿಯುತ್ತಾರೆ.

"ಹಾಗಾದ್ರೆ ಹೋಗುದೇ?"

"ಶೂ ಕಟ್ಟಿ ಆಯ್ತಲ್ಲ."

"ಕಟ್ಟಿದ್ದನ್ನು ಬಿಚ್ಚಲಿಕ್ಕೂ ಆಗ್ತದೆ. ಮೊಮ್ಮಕ್ಕಳನ್ನು ಆಡಿಸುವ ಪ್ರಾಯ ಮಾರಾಯ್ತಿ."

"ಅದನ್ನು ಬಾಸ್ಕಿಂಗ್ ರಿಡ್ಜಿಗೆ ಫೋನ್ ಮಾಡಿ ನಿಮ್ಮ ಮಗಳಿಗೆ ಹೇಳಿ. ಮೊದ್ಲು ಮದುವೆ ಆಗ್ಲಿ ಅವಳು."

ರಮಾನಾಥ ನಗಲಿಲ್ಲ. ಕ್ಯಾನನ್ನು ಮೆಟ್ಟಿಲ ಮೇಲಿಟ್ಟು, "ಒಂದು ಮಾತು," ಎಂದ. "ಸೈರನ್ನಿಗೆ ಮೊದ್ಲು ಬಂದ್ರೆ ನಾನು ಇನ್ನು ಬಾಯಿ ಬಿಡುದಿಲ್ಲ. ಬಾರದಿದ್ರೆ ಈ ಗುಡ್ಡದ ಸುದ್ದಿ ಇವತ್ತಿಗೆ ಮುಗೀಬೇಕು. ಆಗಬಹುದಾ?"

ಗುಲಾಬಿ ಗುಡ್ಡದ ಕಡೆ ನೋಡಿದಳು. ಸುತ್ತುದಾರಿಯಲ್ಲಿ ಇಳಿದರೂ ನಾಲ್ಕೈದು ನಿಮಿಷ ಉಳಿಯುತ್ತದೆ, ಬೆಳಗಿನ ಓಟಗಳಲ್ಲಿ ನೋಡಿಕೊಂಡಿದ್ದಳು.

"ಆಗಬಹುದು."

"ಮತ್ತೆ ಆ ಕಲ್ಲಿನ ಬದಿಗೆ ಹೋಗ್ಬಾರ್ದು."

"ನೋಡುವ," ಎಂದಳು ಗುಲಾಬಿ.

ಸ್ಟೇಷನ್ನಿನ ಅಂಗಳದಲ್ಲಿ ಹಾಲಿನ ದನ ಸಾಕುವವರು, ಕುಂಬಳಕಾಯಿ ಮಾರುವವರು, ಶಾಲೆಯ ಹುಡುಗಿಯರು, ಒಟ್ಟು ಐವತ್ತು ಜನ ಸೇರಿದ್ದರು. ಬೆಳ್ಳಿ ಬಣ್ಣದ ಕನ್ನಡಕ, ಬೆನ್ನಿಗೆ ನೀರಿನ ಚೀಲ, ಕೈಯಲ್ಲಿ ದಪ್ಪ ವಾಚು ಕಟ್ಟಿದ ಹುಡುಗನೊಬ್ಬ ಅವಳ ಪಕ್ಕದಲ್ಲಿ ಹಿಂದೆ ಮುಂದೆ ಕಾಲು ಚಾಚುತ್ತಿದ್ದ. ರಮಾನಾಥ ಅಂಗಳದ ಆಚೆಯಿಂದ "ಗುಲಾಬೀ, ನೀರು ಕುಡಿದೆಯಾ?" ಎಂದು ಕೂಗಿದ್ದನ್ನು ಕೇಳಿ ಅವನ ಮುಖ ಅರಳಿತು.

"ಅಯ್ಯೋ, ಕನ್ನಡಾನಾ! ನಾನು ಅನಿರುದ್ಧ್ ಆಂಟಿ, ಜೆರ್ಸಿ ಸಿಟಿಯಿಂದ ಡ್ರೈವ್ ಮಾಡ್ಕೊಂಡು ಬಂದೆ. ಸಾರಿ, ವಾಕರ್ಸ್ ಲೈನ್ ಆ ಕಡೆ ಇದೆ ಅನ್ಸುತ್ತೆ."

"ಹೌದಾ? ಹಾಗಾದ್ರೆ ನೀನು ಹೋಗು ಮಗಾ, ತಡ ಆಗ್ತದೆ," ಎಂದಳು ಗುಲಾಬಿ.

ಅವನು ಜೋರಾಗಿ ನಕ್ಕ.

ಸ್ಟೇಷನ್ನಿನ ಮುಖ್ಯಸ್ಥ ಟ್ರಕ್ಕಿನ ಮೆಟ್ಟಿಲ ಮೇಲೆ ನಿಂತು ನಿಯಮ ಹೇಳಿದ. ಹೊಸದು ಒಂದೇ. ಹಿಂದೆ ನೆತ್ತಿಯ ಕಲ್ಲುಗುಪ್ಪೆಯನ್ನು ಮುಟ್ಟಿ ತಿರುಗಿದರೆ ಸಾಕಿತ್ತು. ಅಲ್ಲಿ ಹತ್ತುವವರೂ ಇಳಿಯುವವರೂ ಢಿಕ್ಕಿ ಹೊಡೆದುಕೊಂಡ ಮೇಲೆ, ಈಗ ಗುಪ್ಪೆಗೆ ಒಂದು ಸುತ್ತು ಬರಬೇಕು. ಗುಪ್ಪೆ ಎಡಗೈ ಕಡೆ ಇರಬೇಕು. ಎಲ್ಲರೂ ತಲೆಯಾಡಿಸಿದರು. ಗುಲಾಬಿಯೂ ತಲೆಯಾಡಿಸಿದಳು.

ಹನ್ನೊಂದಕ್ಕೆ ಟ್ರಕ್ಕಿನ ಹಾರ್ನ್ ಕೂಗಿತು.

ಮೊದಲ ಹೊಲದಲ್ಲೇ ಎಲ್ಲರೂ ಅವಳನ್ನು ದಾಟಿ ಹೋದರು. ಗುಲಾಬಿ ಅವಸರ ಮಾಡಲಿಲ್ಲ. ಕೂಳೆಯ ಸಾಲುಗಳ ನಡುವೆ ಹಗುರವಾಗಿ ಓಡಿ, ಬೇಲಿಯ ಸಂದಿಯಲ್ಲಿ ನುಸುಳಿ, ಮರಗಳ ಕೆಳಗೆ ಬಂದ ಮೇಲೆ ಕೈಗಳನ್ನು ತೊಡೆಯ ಮೇಲೆ ಒತ್ತಿ ಹತ್ತತೊಡಗಿದಳು. ಒಣಗಿದ ಎಲೆ, ಅದರಡಿ ಒದ್ದೆ ಎಲೆ, ಅದರಡಿ ಬೇರು. ಎಲ್ಲಿ ಕಾಲಿಟ್ಟರೆ ಜಾರುತ್ತದೆ ಎಂಬುದು ಆರು ತಿಂಗಳಲ್ಲಿ ಪಾದಕ್ಕೆ ಗೊತ್ತಾಗಿತ್ತು. ಕಡಿದಾದಲ್ಲಿ ಮುಂದಿನವರು ಒಬ್ಬೊಬ್ಬರೇ ನಿಂತು ಸೊಂಟಕ್ಕೆ ಕೈ ಇಟ್ಟುಕೊಂಡರು. ಅವಳು ಅವರ ಪಕ್ಕದಲ್ಲಿ ಹೆಜ್ಜೆ ಬದಲಿಸದೆ ದಾಟಿದಳು. ಗಂಟಿನೊಳಗಿನ ಪ್ಲೇಟು ತಣ್ಣಗೆ ಕುಳಿತಿತ್ತು.

ಮರಗಳು ಕುಳ್ಳಗಾದವು. ಕೆಂಪಾದ ಬ್ಲೂಬೆರಿ ಪೊದೆಗಳು ಬಂದವು. ಆಮೇಲೆ ಬರೀ ಬಂಡೆ, ಆಕಾಶ, ಗಾಳಿ. ಬಂಡೆಯ ನೆತ್ತಿಯಲ್ಲಿ ಎದೆಯೆತ್ತರದ ಕಲ್ಲುಗುಪ್ಪೆ, ಅದರ ಪಕ್ಕ ಮಡಚುವ ಕುರ್ಚಿಯಲ್ಲಿ ಕಂಬಳಿ ಹೊದ್ದ ಪೆಗ್. ಎಪ್ಪತ್ತು ದಾಟಿದ ಪೆಗ್, ಗುಡ್ಡದ ಬುಡದಲ್ಲಿ ದನದ ಹಟ್ಟಿ ನಡೆಸಿದವಳು. ಸುತ್ತು ಸರಿಯಾಗಿ ಬಂದರೋ ಇಲ್ಲವೋ ನೋಡುವುದು ಅವಳ ಕೆಲಸ.

"ಗುಲಾಬಿ! ಬದುಕಿದ್ದೀಯಾ!" ಎಂದು ಪೆಗ್ ಇಂಗ್ಲಿಷಿನಲ್ಲಿ ಕೂಗಿದಳು.

ಗುಲಾಬಿಗೆ ಉತ್ತರಿಸಲು ಉಸಿರಿರಲಿಲ್ಲ. ಗುಪ್ಪೆಯ ಹತ್ತಿರ ಬಂದವಳು, ಕಲ್ಲಿಗೆ ಬಲಗೈ ತಾಗಿಸಿ, ಆ ಕೈಯನ್ನು ಕಣ್ಣಿಗೊತ್ತಿಕೊಂಡು, ಸುತ್ತು ಬಂದಳು. ಒಂಬತ್ತು ವರ್ಷಗಳ ಮೇಲೆ ಓಟದ ದಿನ ಬಂದು ಮುಟ್ಟಿದ ಜಾಗ. ಸುತ್ತು ಮುಗಿಸಿ ಎದುರು ಬಂದಾಗ ಪೆಗ್ ಕುರ್ಚಿಯಿಂದ ಎದ್ದು ನಿಂತಿದ್ದಳು.

"ಹನಿ, ತಪ್ಪು ಸುತ್ತು. ಎಡಗೈ ಕಡೆ."

ಗುಲಾಬಿ ತನ್ನ ಕೈಗಳನ್ನು ನೋಡಿಕೊಂಡಳು. ಗುಪ್ಪೆ ಬಲಗಡೆ ಇತ್ತು. ಹುಟ್ಟಿದಾಗಿನಿಂದ ಎಷ್ಟು ಕಟ್ಟೆ, ಎಷ್ಟು ಗುಡಿ ಸುತ್ತಿದ್ದಾಳೋ, ಎಲ್ಲ ಬಲಕ್ಕೇ. ಕಾಲಿಗೆ ಬೇರೆ ಸುತ್ತು ಗೊತ್ತೇ ಇರಲಿಲ್ಲ.

"ದೇವರೇ, ಪ್ರದಕ್ಷಿಣೆ ಹಾಕಿದೆ!"

"ಹಾಕಿದ್ದನ್ನು ಬಿಚ್ಚಬೇಕು. ಹಿಂದಕ್ಕೆ ಒಂದು, ಆಮೇಲೆ ಲೆಕ್ಕದ್ದು ಒಂದು. ನಿಯಮ ನಾನು ಮಾಡಿದ್ದಲ್ಲ."

ಬಂಡೆ ಅಲ್ಲಿ ಓರೆಯಾಗಿತ್ತು, ಓಡಲಾಗದು. ಜೊತೆಗೆ ಹತ್ತಿ ಬಂದವರ ಗುಂಪೊಂದು ಗುಪ್ಪೆಗೆ ಒತ್ತಿಕೊಂಡು ಸುತ್ತುತ್ತಿತ್ತು. ಗುಲಾಬಿ ಅವರ ಹಿಂದೆ ನಿಂತು, ಜಾಗ ಕಾದು, ಒಂದು ಸುತ್ತು ಬಿಚ್ಚಿ, ಇನ್ನೊಂದು ಸುತ್ತು ಬಂದಳು. ದೇವರನ್ನು ಎಡಕ್ಕೆ ಬಿಟ್ಟಂತೆ ಮೈ ಮುದುಡಿತು. ಮುಗಿದಾಗ ಉಳಿಸಿಟ್ಟ ನಿಮಿಷಗಳೆಲ್ಲ ಹೋಗಿದ್ದವು.

"ಸುತ್ತುದಾರಿಯಲ್ಲಿ ಹೋದ್ರೆ?" ಎಂದು ಕೇಳಿದಳು.

ಪೆಗ್ ತನ್ನ ವಾಚು ನೋಡಿ, ಆಗದು ಎಂದು ತಲೆ ಅಲ್ಲಾಡಿಸಿದಳು.

ಗುಲಾಬಿ ಮೂಡು ಅಂಚಿಗೆ ನಡೆದಳು. ಕೆಳಗೆ ಕಲ್ಲಿನ ಬದಿ. ತೆಂಗಿನಕಾಯಿ ಗಾತ್ರದವು, ಕುಕ್ಕರ್ ಗಾತ್ರದವು, ಬಿಳಿ ಕಲ್ಲುಗಳು ಮರಗಳ ಗೆರೆಯವರೆಗೆ ಸುರಿದು ಬಿದ್ದಿದ್ದವು. ಅದರ ಕೆಳಗೆ ಹೊಲ, ಹೊಲದ ಕೊನೆಗೆ ಸ್ಟೇಷನ್ನಿನ ಕೆಂಪು ಬಾಗಿಲು, ಬಾಗಿಲ ಪಕ್ಕ ಸಣ್ಣ ಮಿಂಚು: ರಮಾನಾಥನ ಸ್ಟೀಲಿನ ಕ್ಯಾನು. ಕಲ್ಲಿನ ಬದಿಯ ಅರ್ಧದಲ್ಲಿ, ಚಪ್ಪಟೆ ಕಲ್ಲಿನ ಬಳಿ ಅಂದು ಅವಳು ಬಿದ್ದಿದ್ದಳು. ಹಿಂದೆ ಯಾರು ಬರುತ್ತಿದ್ದಾರೆಂದು ತಿರುಗಿ ನೋಡಿದ್ದಳು. ಮೈ ಹಿಂದಕ್ಕೆ ವಾಲಿತ್ತು.

"ಆಂಟೀ!" ಅನಿರುದ್ಧ್ ಗುಪ್ಪೆಯ ಬಳಿ ಬಗ್ಗಿ ಏದುಸಿರು ಬಿಡುತ್ತಿದ್ದ. "ಆ ಕಡೆ ದಾರೀನೇ ಇಲ್ಲ!"

"ದಾರಿ ಇದ್ದಿದ್ರೆ ಬಸ್ಸಲ್ಲಿ ಬರ್ತಿದ್ದೆ ಮಾರಾಯ!"

ಅಷ್ಟು ಹೇಳಿದವಳು ಅಂಚು ದಾಟಿದಳು.

ಕಲ್ಲುಗಳು ಕಾಲಡಿಯಲ್ಲಿ ಕಟಕಟ ಎಂದವು. ಮೈ ತಾನಾಗಿ ಹಿಂದಕ್ಕೆ ಎಳೆಯತೊಡಗಿತು. ಆಗ ಅವಳಿಗೆ ಹದಿಮೂರನೆಯ ವರ್ಷದಲ್ಲಿ ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ತವರಿನ ಕೆಂಪು ಮುರಕಲ್ಲಿನ ಗುಡ್ಡ ಇಳಿಯುತ್ತಿದ್ದುದು ನೆನಪಾಯಿತು. ಹಟ್ಟಿಗೆ ಹಾಸುವ ಸೊಪ್ಪು. ಹೊರೆ ಹೊತ್ತವರಿಗೆ ಪಾದ ನೋಡಲಾಗದು, ಹಿಂದೆ ತಿರುಗಲಾಗದು. ಕತ್ತು ನೆಟ್ಟಗೆ, ಮೊಣಕಾಲು ಸಡಿಲ, ಕಣ್ಣು ನಾಲ್ಕು ಮಾರು ಮುಂದೆ. ನಿಂತರೆ ಹೊರೆ ತಳ್ಳುತ್ತದೆ. ಆದ್ದರಿಂದ ನಿಲ್ಲುವಂತಿಲ್ಲ.

ಗುಲಾಬಿ ಕತ್ತು ನೆಟ್ಟಗೆ ಮಾಡಿದಳು. ಎರಡು ಕೈ ಅಗಲಕ್ಕೆ ಚಾಚಿದಳು. ಮೈಯನ್ನು ಮುಂದಕ್ಕೆ, ಕೆಳಕ್ಕೆ, ಗುಡ್ಡದ ಇಳಿಜಾರಿಗೆ ಕೊಟ್ಟುಬಿಟ್ಟಳು. ಕಲ್ಲು ಅಲುಗುವ ಮೊದಲೇ ಪಾದ ಮುಂದಿನ ಕಲ್ಲಿನ ಮೇಲೆ. ಅದು ಅಲುಗಿದರೆ ಅದರ ಮುಂದಿನದು. ಚಪ್ಪಟೆ ಕಲ್ಲು ಬಂತು, ಒಂದು ಹೆಜ್ಜೆ ಕೊಟ್ಟಿತು, ಹೋಯಿತು. ಅವಳು ಕೂಗಿದಳು. ಏನು ಕೂಗಿದಳೆಂದು ಅವಳಿಗೇ ಗೊತ್ತಿಲ್ಲ. ದನ ಅಟ್ಟುವಾಗಿನ ಯಾವುದೋ ಹಳೆಯ ಕೂಗು. ಕೆಳಗಿನ ಹೊಲದಲ್ಲಿ ಮೇಯುತ್ತಿದ್ದ ಪೆಗ್‌ಳ ಮಗನ ದನಗಳು ತಲೆ ಎತ್ತಿ ನೋಡಿದವು.

ಕೆಳಗೆ ಸ್ಟೇಷನ್ನಿನ ಬಾಗಿಲಲ್ಲಿ ಯಾರೋ ಬೆರಳು ಮಾಡಿ ತೋರಿಸಿದರು. ರಮಾನಾಥ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. ಬಿಳಿ ಕಲ್ಲುಗಳ ಮೇಲೆ ಹಳದಿ ಅಂಗಿಯೊಂದು ಉರುಳುವಂತೆ ಇಳಿಯುತ್ತಿತ್ತು. "ಕಲ್ಲಿಗೇ ಹೋದಳು! ಮಂಡೆ ಸಮ ಇಲ್ಲ ಇವಳಿಗೆ!" ಎಂದ. ಸೌಟಿನಲ್ಲಿದ್ದ ಶರಬತ್ತು ಅವನ ಪ್ಯಾಂಟಿನ ಮೇಲೆ ಚೆಲ್ಲಿತು. ಹಳದಿ ಅಂಗಿ ಮರಗಳೊಳಗೆ ಮರೆಯಾಯಿತು. ಅವನು ಸೌಟು ಕೆಳಗಿಟ್ಟು ಹೊಲದ ಅಂಚಿಗೆ ಬಂದ. ಬೇಲಿಯ ಬಳಿ ಮತ್ತೆ ಹಳದಿ ಕಂಡಿತು. "ಓಡು! ಓಡು ಮಾರಾಯ್ತಿ, ಎಂತ ನೋಡ್ತೀ, ಓಡು!" ಎಂದು ಅವನು ಹೊಲದೊಳಗೇ ನುಗ್ಗಿ ಬೊಬ್ಬೆ ಹಾಕತೊಡಗಿದ.

ಮುಖ್ಯಸ್ಥ ಬಾಗಿಲ ಮೇಲಿನ ಗಡಿಯಾರ ನೋಡುತ್ತಿದ್ದ. ಸೀಮೆಸುಣ್ಣ ಹಿಡಿದ ಕೈ ಎತ್ತಿಕೊಂಡಿದ್ದ. ಕೂಳೆಯ ಸಾಲು ಹಾರಿ, ಚರಂಡಿ ಹಾರಿ, ಗುಲಾಬಿ ಡಾಂಬರಿಗೆ ಬಂದಳು. ಮೊಣಕಾಲಿನವರೆಗೆ ಕೆಸರು, ಕೂದಲಲ್ಲಿ ಓಕ್ ಎಲೆ. ಓಡಿ ಬಂದ ವೇಗಕ್ಕೆ ನಿಲ್ಲಲಾಗದೆ ಎರಡೂ ಅಂಗೈಗಳನ್ನು ಕೆಂಪು ಬಾಗಿಲಿಗೆ ಫಟ್ಟೆಂದು ಬಡಿದು ನಿಂತಳು.

ಯಾರೋ ಅವಳ ಕೈಗೆ ಲೋಟ ಕೊಟ್ಟರು. ಒಂದು ಗುಟುಕು ಒಳಗೆ ಹೋಗಿತ್ತು. ಎರಡನೆಯದಕ್ಕೆ ಬಾಯಿ ತೆರೆಯುವಾಗ ಸ್ಟೇಷನ್ನಿನ ಮಾಡಿನ ಮೇಲೆ ಸೈರನ್ ಏಳತೊಡಗಿತು. ಮೊದಲು ಗೊರಗೊರ, ಆಮೇಲೆ ಉದ್ದಕ್ಕೆ, ಗುಡ್ಡಕ್ಕೆ ಬಡಿದು ವಾಪಸು ಬರುವಷ್ಟು ಜೋರಾಗಿ. ಅದು ಕೂಗಿ ಮುಗಿಯುವವರೆಗೂ ಗುಲಾಬಿ ನಿಧಾನವಾಗಿ ಲೋಟ ಖಾಲಿ ಮಾಡಿದಳು. ಮುಖ್ಯಸ್ಥ ಬಾಗಿಲ ಮೇಲೆ ಅವಳ ಹೆಸರು ಬರೆದ. ಐವತ್ತೈದು ದಾಟಿದ ಹೆಂಗಸರಲ್ಲಿ ಆ ವರ್ಷ ಬಾಗಿಲ ಮೇಲೆ ಬಂದದ್ದು ಅದೊಂದೇ ಹೆಸರು.

ರಮಾನಾಥ ಹೊಲದಿಂದ ಏದುತ್ತ ಹಿಂದೆ ಬಂದ. ಪ್ಯಾಂಟಿನ ಮೇಲೆ ದೊಡ್ಡ ಕೆಂಪು ಕಲೆ. ಬಗ್ಗಿ ಅವಳ ಕಾಲಿನ ಗಂಟು ಒತ್ತಿ ನೋಡಿದ. ಬಾತಿರಲಿಲ್ಲ.

"ಕಲ್ಲಿನ ಬದಿಗೆ ಹೋಗ್ಬಾರ್ದು ಅಂತ ಹೇಳಿದ್ದೆ."

"ನೋಡುವ ಅಂದಿದ್ದೆ. ನೋಡಿದೆ."

ಅವನು ಏನೋ ಹೇಳಲು ಬಾಯಿ ತೆರೆದ. ಗುಲಾಬಿ ತೋರುಬೆರಳನ್ನು ತುಟಿಯ ಮೇಲಿಟ್ಟು, ಆಮೇಲೆ ಅದೇ ಬೆರಳಿನಿಂದ ಮಾಡಿನ ಮೇಲಿನ ಸೈರನ್ ತೋರಿಸಿದಳು. ಅವನು ಬಾಯಿ ಮುಚ್ಚಿಕೊಂಡ. ಅವಳ ಲೋಟ ತೆಗೆದುಕೊಂಡು ಮತ್ತೆ ತುಂಬಿಸಿ ತಂದ, ಈ ಸಲ ಅಂಚಿನವರೆಗೆ.

ಬಹಳ ಹೊತ್ತಿನ ಮೇಲೆ ಅನಿರುದ್ಧ್ ಕುಂಟುತ್ತ ಸುತ್ತುದಾರಿಯಿಂದ ಬಂದ. ಬಾಗಿಲ ಮೇಲಿನ ಹೆಸರುಗಳನ್ನು ಓದಿ, ತನ್ನದಿಲ್ಲವೆಂದು ನೋಡಿ, ನಕ್ಕ.

"ಆಂಟಿ, ನೆಕ್ಸ್ಟ್ ಇಯರ್ ನಾನು ವಾಕರ್ಸ್ ಲೈನಾ?"

"ಕೂತ್ಕೋ ಮೊದ್ಲು," ಎಂದಳು ಗುಲಾಬಿ ಪಕ್ಕದ ಕುರ್ಚಿ ಎಳೆಯುತ್ತ. "ಇವ್ರೇ, ಹುಡುಗನಿಗೆ ಒಂದು ಲೋಟ ಕೊಡಿ. ಮಾರ್ಚಿನಲ್ಲಿ ಹಿಮ ಕರಗಿದ ಮೇಲೆ ಬಾ. ಕಲ್ಲಿನಲ್ಲಿ ಇಳಿಯುದು ಹೇಗೆ ಅಂತ ನೋಡುವ."