ಪಿಟೀಲಿನ ಮುಂದೆ ಹಾಡಿದ ಪದ

ಪರದೆ ಇನ್ನೂ ಸರಿದಿರಲಿಲ್ಲ. ಮೇಳದ ಪಿಟೀಲಿನವ ಇಗ್ನಾತ್ಸಿ ಅದರ ಸಂದಿಯಿಂದ ಸಭಾಂಗಣದೊಳಗೆ ಇಣುಕುತ್ತಿದ್ದುದು ಇದು ಮೂರನೆಯ ಸಲ. ಮೂರು ಸಲವೂ ಕಂಡದ್ದು ಒಂದೇ. ಮೊದಲ ಸಾಲಿನ ನಡುಮಧ್ಯೆ ಆಳುವ ಪಕ್ಷದ ಜಿಲ್ಲಾ ಕಾರ್ಯದರ್ಶಿ ಸೆವೆರಿನ್ ಕಾಲು ಚಾಚಿ ಕೂತಿದ್ದ, ಮಧ್ಯಾಹ್ನದ ವೋಡ್ಕಾ ಅವನ ಕೆನ್ನೆಗೇರಿತ್ತು. ಅವನಿಂದ ನಾಲ್ಕು ಕುರ್ಚಿ ಆಚೆಗೆ ಬೂದು ಮಳೆಕೋಟಿನವನೊಬ್ಬ ಕೂತಿದ್ದ. ಹೊರಗೆ ಅಕ್ಟೋಬರಿನ ಒಣಬಿಸಿಲು, ಒಂದು ಹನಿ ಮಳೆಯಿಲ್ಲ. ಅಂಥ ದಿನದಲ್ಲೂ ಮಳೆಕೋಟು ಹಾಕಿಕೊಳ್ಳುವ ಜನ ಗುಪ್ತ ಪೊಲೀಸರು ಎಂಬುದನ್ನು ಐವತ್ತೆರಡನೇ ಇಸವಿಯಲ್ಲಿ ನಮ್ಮ ಕಡೆ ಹಸುಗೂಸಿಗೂ ಹೇಳಿಕೊಡಬೇಕಾಗಿರಲಿಲ್ಲ.

"ಎಷ್ಟು ಸಲ ನೋಡ್ತೀಯ ಭಾವ? ನೀ ನೋಡಿದ್ರೆ ಅವ್ರು ಎದ್ದು ಹೋಯ್ತಾರಾ?" ಎಂದಳು ತೆಕ್ಲಾ, ತನ್ನ ಪಟ್ಟೆಪಟ್ಟೆ ಉಣ್ಣೆಲಂಗದ ನೆರಿಗೆ ಸರಿಮಾಡಿಕೊಳ್ಳುತ್ತ.

"ಆ ಮಳೆಕೋಟಿನವನು ಪೆನ್ಸಿಲ್ ಚೂಪು ಮಾಡ್ತಾವ್ನೆ ಕಣವ್ವ."

"ಮಾಡ್ಲಿ ಬುಡು. ನಾವು ಹಾಡೋ ಪದಕ್ಕೆಲ್ಲ ಕಚೇರಿ ಮೊಹರು ಬಿದ್ದದೆ."

ತೆಕ್ಲಾ ಇಗ್ನಾತ್ಸಿಯ ತಮ್ಮ ರೋಖ್‌ನ ಹೆಂಡತಿ, ನಮ್ಮ ಮೇಳದ ಮುಂದಾಳು ಹಾಡುಗಾತಿ. ಐದು ವಾರದ ಹಿಂದೆ ಚರ್ಚಿನಲ್ಲಿ ಮಗುವಿಗೆ ಹೆಸರಿಡುವ ಜ್ಞಾನಸ್ನಾನದ ಊಟಕ್ಕೆಂದು ರೋಖ್ ಅಪ್ಪಣೆಚೀಟಿ ಇಲ್ಲದೆ ಹಂದಿ ಕಡಿದಿದ್ದ. ತನ್ನದೇ ಹಂದಿ, ತನ್ನದೇ ಕೊಟ್ಟಿಗೆ. ಆದರೆ ಆ ಕಾಲದಲ್ಲಿ ಹಂದಿಯ ಸಾವಿಗೂ ಸರ್ಕಾರದ ಮೊಹರು ಬೇಕಿತ್ತು. ಕದ ಮುಚ್ಚಿ, ಹಂದಿಯ ಬಾಯಿ ಕಟ್ಟಿ ಕೆಲಸ ಮುಗಿಸಿದರೇನು, ಬೆಳ್ಳುಳ್ಳಿ ಹಾಕಿದ ಸಾಸೇಜಿನ ಘಮಲಿನ ಬಾಯಿ ಕಟ್ಟುವವರು ಯಾರು? ಯಾರೋ ಹೋಗಿ ಸರ್ಕಾರದ ಕಿವಿಗೆ ಊದಿದರು. ಮೂರನೆಯ ದಿನ ಜೀಪು ಬಂತು. ರೋಖ್ ಈಗ ಜಿಲ್ಲಾ ಲಾಕಪ್ಪಿನಲ್ಲಿದ್ದ. ಮುಂದಿನ ವಾರ ವಿಚಾರಣೆ. ಎರಡು ವರ್ಷ ಕಲ್ಲಿದ್ದಲ ಗಣಿಯ ಶಿಬಿರ ತಪ್ಪಿದ್ದಲ್ಲ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ರೋಖ್‌ನ ಎದೆ ಮೊದಲೇ ಗಟ್ಟಿಯಿರಲಿಲ್ಲ, ಚಳಿಗಾಲ ಬಂತೆಂದರೆ ಕೆಮ್ಮಿಗೆ ರಕ್ತ ಬೀಳುತ್ತಿತ್ತು. ಅವನು ಗಣಿಗೆ ಇಳಿದರೆ ಮತ್ತೆ ಮೇಲೆ ಬರುವುದಿಲ್ಲವೆಂದು ಇಗ್ನಾತ್ಸಿಗೂ ಗೊತ್ತಿತ್ತು, ತೆಕ್ಲಾಗೂ ಗೊತ್ತಿತ್ತು.

ಇಗ್ನಾತ್ಸಿ ಒಮ್ಮೆ ಕಾರ್ಯದರ್ಶಿಯ ಕಚೇರಿಗೆ ಹೋಗಿ ಟೋಪಿ ಕೈಲಿ ಹಿಡಿದು ನಿಂತು ಬಂದಿದ್ದ. ಸೆವೆರಿನ್ ಕಾಗದದಿಂದ ತಲೆಯೆತ್ತಿರಲಿಲ್ಲ. ಇನ್ನು ಉಳಿದಿದ್ದ ಆಸೆಯೆಂದರೆ ಮೇಳಕ್ಕೆ ಕುಣಿತ ಕಲಿಸುವ ಹಲೀನಾ ಒಬ್ಬಳೇ. "ಇವತ್ತಿನ ಸ್ಪರ್ಧೆ ಚೆನ್ನಾಗಿ ಆಗ್ಲಿ, ಬಹುಮಾನ ಕೊಡೋ ಹೊತ್ತಲ್ಲಿ ಕಾರ್ಯದರ್ಶಿಗಳ ಕಿವಿಗೆ ನಿಮ್ಮ ತಮ್ಮನ ವಿಷಯ ಹಾಕ್ತೀನಿ. ಆದ್ರೆ ಮೊಹರಿಲ್ಲದ ಒಂದೇ ಒಂದು ಪದ ಬಂದ್ರೂ ನನ್ನ ಕೈಲಿ ಏನೂ ಆಗಲ್ಲ," ಎಂದು ಅವಳು ಹೇಳಿದ್ದಳು.

ಅವಳ ಭಯಕ್ಕೆ ಕಾರಣವಿತ್ತು. ನಮ್ಮ ಕಡೆ ಮದುವೆಮನೆಯ ಪದ್ಧತಿ ಹಾಗೆ. ಕುಣಿಯಬೇಕೆನ್ನುವವನು ವಾದ್ಯದವರ ಎದುರು ಬಂದು, ಜನಕ್ಕೆ ಬೆನ್ನು ಹಾಕಿ ನಿಂತು, ಎರಡು ಸಾಲಿನ ಪದ ಹಾಡುತ್ತಾನೆ. ಹಾಡಿದ್ದು ಯಾವುದೇ ಇರಲಿ, ಪಿಟೀಲಿನವನು ಆ ರಾಗವನ್ನು ಹಾಗೇ ಎತ್ತಿಕೊಳ್ಳಬೇಕು, ಅವನು ಕುಣಿದು ದಣಿಯುವ ತನಕ ಬಿಡಬಾರದು. ಎತ್ತಿಕೊಳ್ಳದಿದ್ದರೆ ಅದು ಕಪಾಳಕ್ಕೆ ಹೊಡೆದಂತೆ. ಅದಕ್ಕಾಗಿ ಚಾಕು ಹೊರಬಿದ್ದ ಮದುವೆಗಳೂ ಉಂಟು. ಇಗ್ನಾತ್ಸಿ ಒಂಬತ್ತನೆಯ ವಯಸ್ಸಿನಿಂದ ಈಗಿನ ನಲವತ್ತಾರರವರೆಗೆ ಇದನ್ನೇ ಮಾಡಿಕೊಂಡು ಬಂದವನು. ಹಲೀನಾ ಈ ಪದ್ಧತಿಯನ್ನು ಎತ್ತಿ ವೇದಿಕೆಯ ಮೇಲಿಟ್ಟಿದ್ದಳು, ಪದಗಳನ್ನು ಮಾತ್ರ ಪಕ್ಷದ ಕಚೇರಿಯಲ್ಲಿ ಬರೆಸಿ, ಮೊಹರು ಹಾಕಿಸಿ ತಂದಿದ್ದಳು.

ಹೊಲಕೆ ಬಂತು ಹೊಸ ಟ್ರ್ಯಾಕ್ಟರು, ಕುದುರೆಗೆ ಸಿಕ್ತು ರಜ,
ಕೂಡಿ ಬಿತ್ತಿ ಕೂಡಿ ಕೊಯ್ದರೆ ಊರಿಗೆಲ್ಲಾ ಮಜ.

"ಈ ಪದಾನ ನನ್ನ ಕುದುರೆ ಕಿವಿಗೆ ಹಾಕ್ಬೇಡಿ," ಎಂದಿದ್ದ ದೊಡ್ಡ ಪಿಟೀಲು ಉಜ್ಜುವ ಮುದುಕ ಯಾಚೆಂತಿ. "ನಾಳೆಯಿಂದ ಗಾಡಿ ಕಟ್ಟಕ್ಕೆ ಹೋದ್ರೆ, ಟ್ರ್ಯಾಕ್ಟರ್ ಎಲ್ಲಪ್ಪಾ ಅಂತ ಕೇಳ್ತದೆ."

ಪರದೆ ಸರಿಯಿತು. ಎಲ್ಲ ಹೇಳಿಕೊಟ್ಟ ಹಾಗೇ ನಡೆಯಿತು. ನಾಟಕದ ಮದುವಣಗಿತ್ತಿ ಅತ್ತಳು, ಗೆಳತಿಯರು ಸಮಾಧಾನ ಮಾಡಿದರು, ಮದುವಣಿಗ ಬಂದು ಟ್ರ್ಯಾಕ್ಟರಿನ ಪದ ಹಾಡಿದ, ಎಂಟು ಜೋಡಿ ಓಬೆರೆಕ್ ಕುಣಿತಕ್ಕೆ ಇಳಿದು ಬುಗುರಿಯ ಹಾಗೆ ಸುತ್ತಿದವು. ಇಗ್ನಾತ್ಸಿ ಬೆವೆತ ಕೈಯಲ್ಲಿ ಕಮಾನು ಜಾರದಂತೆ ಹಿಡಿದು, ಮಳೆಕೋಟಿನವನ ಪೆನ್ಸಿಲನ್ನೇ ನೋಡುತ್ತ ನುಡಿಸಿದ. ಪೆನ್ಸಿಲು ಅಲುಗಲಿಲ್ಲ. ಕೊನೆಯ ಸುತ್ತು ಮುಗಿದು ಚಪ್ಪಾಳೆ ಬಿತ್ತು. ದೇವಮಾತೆಯೇ, ಗೆದ್ದೆವು ಎಂದುಕೊಂಡ.

ಆಗ ಸೆವೆರಿನ್ ಎದ್ದ. ಬಹುಮಾನ ಕೊಡುವುದಕ್ಕೆ ಎದ್ದನೆಂದು ಹಲೀನಾ ಹೂವು ಹಿಡಿದು ಮುಂದೆ ಬಂದಳು. ಅವನು ಅವಳನ್ನು ಪಕ್ಕಕ್ಕೆ ಸರಿಸಿ, ಕೋಟಿನ ಗುಂಡಿ ಬಿಚ್ಚಿ, ಮೂರು ಮೆಟ್ಟಿಲು ಒಂದೇ ಏಟಿಗೆ ಹಾರಿ ವೇದಿಕೆ ಹತ್ತಿದ. ಅವನೂ ಎರಡು ಹೊಳೆ ಆಚೆಯ ಹಳ್ಳಿಯ ರೈತನ ಮಗನೇ. ಕಚೇರಿಯ ಕುರ್ಚಿಯಲ್ಲಿ ಕೂತು ಏಳು ವರ್ಷದಿಂದ ಒಣಗಿದ್ದ ಕಾಲುಗಳಿಗೆ ವೋಡ್ಕಾ ಮತ್ತು ಪಿಟೀಲು ಎರಡೂ ಒಟ್ಟಿಗೆ ತಾಗಿದ್ದವು. ಪದ್ಧತಿಯಂತೆ ಜನಕ್ಕೆ ಬೆನ್ನು ಹಾಕಿ, ಇಗ್ನಾತ್ಸಿಯ ಎದುರು ನಿಂತು, ಕಣ್ಣು ಮುಚ್ಚಿ ಹಾಡಿದ.

ಮೂಡಲ ಸೀಮೆ ನೆಂಟ ಬಂದ, ಒಲೆಯ ಮೂಲೇಲಿ ಕೂತ,
ಹಂದಿ ತಿಂದ, ಬಾಲ ಕೇಳ್ದ, ಹೊರಡೋ ಹೊತ್ತೇ ಮರೆತ.

ತಾತಂದಿರು ಹಾಡುತ್ತಿದ್ದ ಪದ ಅದು. ಮೂಡಲ ದೇಶದ ಝಾರ್ ದೊರೆಯ ಸೈನಿಕರು ಊರಲ್ಲಿ ಬೀಡುಬಿಟ್ಟಿದ್ದ ಕಾಲದ್ದು. ಝಾರ್ ಹೋಗಿ ಎಷ್ಟೋ ಕಾಲವಾಗಿತ್ತು. ಆದರೆ ಮೂಡಲಿಂದ ಬಂದು ಏಳು ವರ್ಷದಿಂದ ಒಲೆಯ ಮೂಲೆ ಬಿಡದೆ ಕೂತ, ಟೋಪಿಗೆ ಕೆಂಪು ನಕ್ಷತ್ರ ಸಿಕ್ಕಿಸಿದ ನೆಂಟ ಈಗ ಯಾರು ಎಂದು ಬಿಡಿಸಿ ಹೇಳಬೇಕೆ? ಅದನ್ನು ಹಾಡಿದವರು ಊರೂರಲ್ಲಿ ಮಾಯವಾಗುತ್ತಿದ್ದರು. ಸೆವೆರಿನ್ ತಾನೇ ಕೆಲವರನ್ನು ಕಳಿಸಿದ್ದ.

ಬೇಡ, ಎತ್ತಿಕೊಳ್ಳಬೇಡ ಎಂದು ಇಗ್ನಾತ್ಸಿಯ ತಲೆ ಕೂಗಿತು. ಅಷ್ಟರಲ್ಲಿ ಕೈ ಎತ್ತಿಕೊಂಡಾಗಿತ್ತು. ಮೂವತ್ತೇಳು ವರ್ಷದ ಕೈ ಅದು, ಯಾರನ್ನೂ ಕೇಳಲಿಲ್ಲ. ಯಾಚೆಂತಿಯ ದೊಡ್ಡ ಪಿಟೀಲು ಹಿಂದೆಯೇ ಬಂತು. ಸೆವೆರಿನ್ ಪಕ್ಕದಲ್ಲಿ ನಿಂತಿದ್ದ ಹುಡುಗಿಯ ಸೊಂಟ ಹಿಡಿದು ಸುತ್ತಿದ, ನೆಲ ಒದ್ದು ಮಂಡಿಯೂರಿ ಎದ್ದ, ಸಭಾಂಗಣವೆಲ್ಲ ಎದ್ದು ನಿಂತು ಚಪ್ಪಾಳೆಗೆ ತಾಳ ಹಿಡಿಯಿತು. ಇಗ್ನಾತ್ಸಿ ತನ್ನ ಜನ್ಮದಲ್ಲೇ ಅಷ್ಟು ಚೆನ್ನಾಗಿ ನುಡಿಸಿರಲಿಲ್ಲ. ಹೆದರಿಕೆಗೆ ಬೆರಳು ತಾನಾಗಿ ಓಡುತ್ತಿತ್ತು, ನಿಲ್ಲಿಸಿದರೆ ಏನಾಗುತ್ತದೋ ಎಂದು ನಿಲ್ಲಿಸದೆ ನುಡಿಸಿದ.

ಮೂರನೆಯ ಸುತ್ತಿನಲ್ಲಿ ಸೆವೆರಿನ್‌ನ ಕಣ್ಣು ಮಳೆಕೋಟಿನವನ ಮೇಲೆ ಬಿತ್ತು. ನಶೆ ಅಲ್ಲೇ ಇಳಿಯಿತು. ಕುಣಿಯುತ್ತಿದ್ದ ಕಾಲು ತೊಡರಿ, ಹುಡುಗಿಯನ್ನು ಬಿಟ್ಟು, ಸುಮ್ಮನೆ ನಕ್ಕು ಕೆಳಗಿಳಿದ. ಅವನ ಮುಖ ಸುಣ್ಣದ ಗೋಡೆಯಂತಾಗಿತ್ತು. ಮಳೆಕೋಟಿನವನು ಪಟ್ಟಣದವ, ರಾಗದಿಂದ ಪದ ಗುರುತಿಸಲು ಬಾರದು, ಸೆವೆರಿನ್ ಬೆನ್ನು ಹಾಕಿ ಹಾಡಿದ್ದರಿಂದ ಚಪ್ಪಾಳೆಯ ಗದ್ದಲದಲ್ಲಿ ಅವನಿಗೆ ಪದ ಕೇಳಿಸಿರಲಿಲ್ಲ. ಆದರೆ ವಾದ್ಯದವರ ಮುಖ ಅವನಿಗೆ ಎದುರಿಗೇ ಇತ್ತು. ಅದರ ಮೇಲಿನ ಹೆದರಿಕೆಯನ್ನು ಅವನು ನೋಡಿದ್ದ. ಪೆನ್ಸಿಲು ಈಗ ಓಡುತ್ತಿತ್ತು.

ಬಹುಮಾನದ ಮಾತು ಯಾರೂ ಎತ್ತಲಿಲ್ಲ. ಬಾಗಿಲಿಗೆ ಮಳೆಕೋಟಿನವನ ಕಡೆಯ ಇಬ್ಬರು ನಿಂತರು, ಯಾರೂ ಹೊರಗೆ ಹೋಗಕೂಡದು ಎಂದಾಯಿತು. ವೇದಿಕೆಯ ಹಿಂದೆ, ಹಲಗೆಗೋಡೆಯ ಆಚೆ, ಬೆಂಕಿ ಆರಿಸುವವರ ಕೊಳವೆ, ಶಿರಸ್ತ್ರಾಣ ಇಡುವ ಕೋಣೆಯಿತ್ತು. ಅಲ್ಲಿಗೆ ಒಬ್ಬೊಬ್ಬರನ್ನಾಗಿ ಕರೆದರು. ಮೊದಲು ಹೋದ ಯಾಚೆಂತಿ ಕತ್ತಿನ ಬೆವರು ಒರೆಸಿಕೊಳ್ಳುತ್ತ ಬಂದ.

"ಏನ್ ಕೇಳ್ದ ಮಾವ?" ಎಂದಳು ತೆಕ್ಲಾ.

"ಕಾರ್ಯದರ್ಶಿ ಏನ್ ಹಾಡ್ದ ಅಂತ. ನಾನು ಕಿವುಡ ಅಂದ್ಬುಟ್ಟೆ. ಜೋರಾಗಿ ಕೇಳ್ದ. ಆಂ ಅಂದೆ. ಇನ್ನೂ ಜೋರಾಗಿ ಕೇಳ್ದ. ಆಂ ಅಂದೆ." ಮುದುಕ ನಗಲು ನೋಡಿದ, ಗಡ್ಡ ಅದುರಿತು. "ನಿನ್ನ ಕರೀತಾವ್ನೆ, ಇಗ್ನಾತ್ಸಿ. ಪಿಟೀಲು ತಗೊಂಡೇ ಹೋಗ್ಬೇಕಂತೆ."

ಕೋಣೆಯಲ್ಲಿ ಮಳೆಕೋಟಿನವನು ಒಬ್ಬನೇ ಇದ್ದ. ಬೈಯಲಿಲ್ಲ, ಗದರಲಿಲ್ಲ. ಬನ್ನಿ, ಕೂತ್ಕೊಳ್ಳಿ ಎಂದ. ಇಗ್ನಾತ್ಸಿ ಪಿಟೀಲನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯ ಅಂಚಿಗೆ ಕೂತ.

"ನಿಮ್ಮ ತಮ್ಮ ರೋಖ್ ಅಲ್ವಾ? ಹಂದಿ ಕೇಸು. ಎದೆ ಸರಿಯಿಲ್ಲ ಅಂತ ಡಾಕ್ಟರು ಬರೆದಿದಾರೆ. ಪಾಪ." ಅವನು ಒಂದು ಬಿಳಿಹಾಳೆಯನ್ನು ಮೇಜಿನ ಮೇಲೆ ಇತ್ತ ತಳ್ಳಿದ. "ಇಲ್ಲಿ ಮೂರು ಸಾಲು ಬರೀರಿ. ಕಾರ್ಯದರ್ಶಿಗಳು ಏನು ಹಾಡಿದ್ರು, ಅಷ್ಟೇ. ಭಾನುವಾರದ ಪೂಜೆಗೆ ನಿಮ್ಮ ತಮ್ಮ ನಿಮ್ಮ ಜೊತೆ ಚರ್ಚಿನಲ್ಲಿರ್ತಾನೆ."

ಇಗ್ನಾತ್ಸಿ ಹಾಳೆ ನೋಡಿದ. ಸೆವೆರಿನ್ ಅವನಿಗೆ ನೆಂಟನಲ್ಲ, ಇಷ್ಟನಲ್ಲ. ಕಚೇರಿಯಲ್ಲಿ ತಲೆಯೆತ್ತಿಯೂ ನೋಡದ ಮನುಷ್ಯ. ಅವನನ್ನು ಕೊಟ್ಟರೆ ರೋಖ್ ಸಿಗುತ್ತಾನೆ. ವಾದ್ಯದ ಮುಂದೆ ಹಾಡಿದ್ದು ವಾದ್ಯದಲ್ಲೇ ಉಳಿಯಬೇಕು ಎಂದು ಅಪ್ಪ ಹೇಳುತ್ತಿದ್ದ, ನಿಜ. ಅಪ್ಪ ಇಂಥ ಕೋಣೆಯಲ್ಲಿ ಕೂತಿರಲಿಲ್ಲ. ಹೇಳಿಬಿಡುತ್ತೇನೆ ಎಂದು ಇಗ್ನಾತ್ಸಿ ನಿರ್ಧರಿಸಿಬಿಟ್ಟ. ಮೇಜಿನ ಮೇಲಿದ್ದ ಪೆನ್ನಿಗೆ ಕೈ ಹಾಕಿದ, ಅದು ಬೆರಳಿನಿಂದ ಜಾರಿ ಕೆಳಗುರುಳಿತು.

"ಇರ್ಲಿ, ಗಾಬರಿ ಬೇಡ," ಎಂದ ಮಳೆಕೋಟಿನವನು. "ಮೊದಲು ಆ ರಾಗ ನುಡಿಸಿ. ಕೈ ಹದಕ್ಕೆ ಬರುತ್ತೆ. ಆಮೇಲೆ ಪದ ಹೇಳಿ."

ಇಗ್ನಾತ್ಸಿ ಪಿಟೀಲನ್ನು ಎದೆಗೆ ಒತ್ತಿಕೊಂಡು ಆ ರಾಗ ನುಡಿಸಿದ. ಒಂದು ಸುತ್ತು ಮುಗಿಯುವ ಹೊತ್ತಿಗೆ ಹಲಗೆಗೋಡೆಯ ಆಚೆಯಿಂದ ಒಂದು ದನಿ ಎದ್ದಿತು. ತೆಕ್ಲಾಳ ದನಿ. ಅದೇ ರಾಗಕ್ಕೆ, ಆದರೆ ನೆಂಟನ ಪದವಲ್ಲ, ಹೊಲಕೆ ಬಂತು ಹೊಸ ಟ್ರ್ಯಾಕ್ಟರು. ಎರಡನೆಯ ಸಾಲಿಗೆ ಹೆಂಗಸರೆಲ್ಲ ಸೇರಿದರು, ಮೂರನೆಯ ಸುತ್ತಿಗೆ ಗಂಡಸರೂ ಸೇರಿ ಹಲಗೆ ಅದುರಿತು. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಪಿಟೀಲು ಪದ ಕೇಳಿತು, ತೆಕ್ಲಾ ಕೊಟ್ಟಳು, ಅಷ್ಟೇ.

ಮಳೆಕೋಟಿನವನು ತಲೆ ವಾಲಿಸಿ ಪೂರ್ತಿ ಕೇಳಿದ. ಆಮೇಲೆ ಮೆಲ್ಲಗೆ ಕೇಳಿದ:

"ಕಾರ್ಯದರ್ಶಿಗಳು ಹಾಡಿದ್ದು ಇದೇನಾ?"

ಅತ್ತ ದರಿ, ಇತ್ತ ಹುಲಿ. ಅಲ್ಲ ಎಂದರೆ ರೋಖ್ ಮನೆಗೆ ಬರುತ್ತಾನೆ. ಅಲ್ಲ ಎಂದರೆ ಆಚೆ ಹಾಡುತ್ತಿರುವ ನಲವತ್ತು ಜನ ಸೇರಿ ಸುಳ್ಳು ಹಾಡಿದರೆಂದಾಗುತ್ತದೆ, ಮೊದಲು ಎತ್ತಿದವಳು ಯಾರು ಎಂಬ ಪ್ರಶ್ನೆ ಬರುತ್ತದೆ. ಆ ದನಿ ಗುರುತಿಸಲು ಮಳೆಕೋಟಿನವನಿಗೆ ಕ್ಷಣ ಬೇಡ. ರೋಖ್ ಮನೆಗೆ ಬಂದಾಗ ತೊಟ್ಟಿಲ ಪಕ್ಕ ತೆಕ್ಲಾ ಇರುವುದಿಲ್ಲ.

"ಇದೇ," ಎಂದ ಇಗ್ನಾತ್ಸಿ. ತನ್ನ ದನಿ ತನಗೇ ಬೇರೆ ಯಾರದೋ ಎನ್ನಿಸಿತು.

"ಸರಿಯಾಗಿ ಯೋಚ್ನೆ ಮಾಡಿ. ಈ ಹಾಳೆ ಇವತ್ತು ಮಾತ್ರ ಇಲ್ಲಿರುತ್ತೆ."

"ಇದೇ ಸ್ವಾಮಿ. ಟ್ರ್ಯಾಕ್ಟರಿಂದು."

ಮಳೆಕೋಟಿನವನು ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡ. ನಿಮ್ಮ ತಮ್ಮನಿಗೆ ಬೆಚ್ಚಗಿನ ಬಟ್ಟೆ ಕಳಿಸಿ, ಗಣಿಯಲ್ಲಿ ಥಂಡಿ ಜಾಸ್ತಿ ಎಂದು ಹೇಳಿ, ಬಾಗಿಲು ತೋರಿಸಿದ.

ಹೊರಗೆ ಸೆವೆರಿನ್ ಮೋಟಾರು ಹತ್ತುತ್ತಿದ್ದ. ಇಗ್ನಾತ್ಸಿಯನ್ನು ಕಂಡು ಅವನ ಕೈ ಮೋಟಾರಿನ ಬಾಗಿಲ ಮೇಲೇ ನಿಂತಿತು. ಇಗ್ನಾತ್ಸಿ ಎರಡು ಹೆಜ್ಜೆ ಹೋಗಿ ರೋಖ್‌ನ ಮಾತು ಎತ್ತಬಹುದಿತ್ತು. ಆದರೆ ಮಳೆಕೋಟಿನವನು ಮೆಟ್ಟಿಲ ಮೇಲೆ ಸಿಗರೇಟು ಹಚ್ಚುತ್ತ ಇಬ್ಬರನ್ನೂ ನೋಡುತ್ತಿದ್ದ. ಇಬ್ಬರೂ ಪರಿಚಯವೇ ಇಲ್ಲದವರಂತೆ ಮುಖ ತಿರುಗಿಸಿಕೊಂಡರು.

ಯಾಚೆಂತಿಯ ಗಾಡಿ ಊರಿನ ದಾರಿ ಹಿಡಿಯಿತು. ಹುಲ್ಲಿನ ಮೇಲೆ ಇಗ್ನಾತ್ಸಿಯ ಪಕ್ಕ ಕೂತ ತೆಕ್ಲಾಳ ಕಣ್ಣು ಹೊಳೆಯುತ್ತಿತ್ತು.

"ಗೋಡೆ ಆಚೆಯಿಂದ ಪಿಟೀಲು ಕೇಳ್ತಿದ್ದಂಗೇ ನಂಗೆ ತಿಳೀತು ಭಾವ, ನೀನು ಸಿಗಾಕೊಂಡಿದ್ದೀಯ ಅಂತ. ಮೊಹರು ಬಿದ್ದ ಪದಾನೇ ಎತ್ತುದೆ. ಸರಿಯಾಗಿ ಎತ್ತುದ್ನಾ?"

"ಸರಿಯಾಗಿ ಎತ್ತುದೆ ಕಣವ್ವ."

"ಒಬ್ಬ ಒಳಗವ್ನೆ, ನೀನೂ ಹೋಗ್ಬುಟ್ಟಿದ್ರೆ ಮನೆ ಗತಿ ಏನು? ನಿನ್ನಾದ್ರೂ ಉಳಿಸ್ಕೊಂಡ್ನಲ್ಲ." ಶಾಲು ಬಿಡಿಸುತ್ತ ಕೇಳಿದಳು, "ರೋಖ್ ವಿಷಯ ಏನಾರ ಬಂತಾ?"

"ಇಲ್ಲ."

"ಒಂದ್ ಮಾತೂ?"

"ಒಂದ್ ಮಾತೂ ಇಲ್ಲ."

ತೆಕ್ಲಾ ತಲೆಯಾಡಿಸಿ, ಶಾಲು ಹೊದ್ದು, ಅವನ ಹೆಗಲಿಗೆ ಒರಗಿದಳು. ಐದು ವಾರದಲ್ಲಿ ಮೊದಲ ಸಲ ಅವಳಿಗೆ ನಿದ್ದೆ ಬಂತು. ಮಳೆಕೋಟಿನವನ ಎದುರು ಕೂತಾಗಲೂ ಇಗ್ನಾತ್ಸಿ ಇಷ್ಟು ಹೆದರಿರಲಿಲ್ಲ. ಎದ್ದರೆ ಆ ಬಿಳಿಹಾಳೆಯ ಮಾತು ಹೊರಬೀಳುವಂಥ ಇನ್ನೊಂದು ಪ್ರಶ್ನೆ ಕೇಳುತ್ತಾಳೆಂದು, ಊರು ಬರುವ ತನಕ ಅವನು ಗಂಟಲಿಗೆ ಬಂದ ಕೆಮ್ಮನ್ನೂ ತಡೆದುಕೊಂಡು, ಅಲುಗಾಡದೆ ಕೂತ.