ಮಾಸು ಕೀಳುವ ಕೈಗೆ ಒಂದು ಪ್ರಶ್ನೆ

ಹಸು ಕರು ಹಾಕಿ ಒಂದು ದಿನ ಕಳೆದಿತ್ತು. ಕರುವಿನ ಹಿಂದೆಯೇ ಬೀಳಬೇಕಾದ ಗರ್ಭಚೀಲ, ಮಾಸು, ಮಾತ್ರ ಇನ್ನೂ ಬಿದ್ದಿರಲಿಲ್ಲ. ಬಾಲದ ಕೆಳಗೆ ಜೋತಾಡುತ್ತಿತ್ತು, ನೊಣ ಮುತ್ತಿತ್ತು.

ಹಸು ಹಾಲಿನಕ್ಕನದು. ಹಾಲು ಮಾರಿ ಮನೆ ನಡೆಸುವ ಅವಳನ್ನು ಬೀದಿಯವರೆಲ್ಲ ಕರೆಯುತ್ತಿದ್ದುದೇ ಹಾಗೆ. ಅವಳ ಮೈದುನ ಬೆಳಿಗ್ಗೆಯೇ ಹೋಗಿ ಮಾಸು ಕೀಳುವವನನ್ನು ಕರೆತಂದಿದ್ದ. ಅವನು ಅಂಗಿಯ ತೋಳು ಮಡಚಿ, ಕೈಗೆ ಎಣ್ಣೆ ಸವರಿಕೊಳ್ಳುತ್ತಿದ್ದ. ಅಷ್ಟರಲ್ಲಿ ಹಾಲಿನಕ್ಕ ಫೋನ್ ಮಾಡಿ ಕರೆಸಿದ್ದ ಪಶುವೈದ್ಯೆ ಬಂದರು.

"ಕೈ ಒಳಗೆ ಹಾಕ್ಬೇಡಿ" ಎಂದರು.

ಹಸುವಿಗೆ ಥರ್ಮಾಮೀಟರ್ ಇಟ್ಟು ನೋಡಿದರು. ಜ್ವರವಿರಲಿಲ್ಲ. ಮೇವನ್ನೂ ತಿನ್ನುತ್ತಿತ್ತು. "ಈಗ ಏನೂ ಬೇಡ. ದಿನಾ ಜ್ವರ ನೋಡೋಣ. ಮಾಸು ತಾನಾಗೇ ಬೀಳುತ್ತೆ."

ಮೈದುನನಿಗೆ ರೇಗಿತು. "ಏನೂ ಮಾಡದೆ ಹೋಗೋಕೆ ಡಾಕ್ಟ್ರು ಯಾಕೆ ಬರ್ಬೇಕು? ನಮ್ಮಪ್ಪನ ಕಾಲದಿಂದ ಕೀಳಿಸ್ತಾ ಬಂದಿದ್ದೀವಿ."

"ಕಿತ್ತ ಮೇಲೆ ಹಸುಗಳು ಏನಾದವು ಅಂತ ನೋಡಿದ್ದೀರಾ? ಸಂಶೋಧನೆ ಮಾಡಿದವರು ನೋಡಿದ್ದಾರೆ. ಕಿತ್ತ ಹಸು, ಕೀಳದೆ ಬಿಟ್ಟ ಹಸು, ಎರಡನ್ನೂ ಹೋಲಿಸಿದ್ದಾರೆ. ಕಿತ್ತಿದ್ದರಿಂದ ಲಾಭ ಕಾಣಲಿಲ್ಲ. ಅಂಟಿಕೊಂಡಿರೋದನ್ನ ಎಳೆದ್ರೆ ಗರ್ಭಕೋಶಕ್ಕೆ ಗಾಯ ಆಗುತ್ತೆ. ಗಾಯಕ್ಕೆ ನಂಜು ಏರುತ್ತೆ."

ಹಾಲಿನಕ್ಕನಿಗೆ ಹಳೆಯದು ನೆನಪಾಯಿತು. ಹೋದ ವರ್ಷ ಅವಳ ಕೆಂದ ಹಸು ಇದೇ ಕೊಟ್ಟಿಗೆಯಲ್ಲಿ ಕೀವು ಸುರಿಸುತ್ತಾ, ಮಾಸು ಕಿತ್ತ ಹನ್ನೊಂದನೆಯ ದಿನ ಸತ್ತಿತ್ತು. ಅದನ್ನು ಕಿತ್ತಿದ್ದವನೂ ಕೈಗೆ ಎಣ್ಣೆ ಸವರಿಕೊಂಡು ನಿಂತಿದ್ದ ಇವನೇ. "ನಿನ್ನ ಹಣೆಬರಹ ಅಕ್ಕ" ಎಂದು ಹೇಳಿ ಹೋಗಿದ್ದ. ಅವಳು ಅದನ್ನೇ ನಂಬಿ, ತಾನೇ ಸರಿಯಾಗಿ ನೋಡಿಕೊಳ್ಳಲಿಲ್ಲವೇನೋ ಎಂದು ವರ್ಷವೆಲ್ಲ ಕೊರಗಿದ್ದಳು.

ಅವನತ್ತ ತಿರುಗಿದಳು. "ಎಷ್ಟು ಹಸುಗೆ ಕೈ ಹಾಕಿದ್ದೀಯಪ್ಪ?"

"ನೂರಾರು ಅಕ್ಕ."

"ಅದರಲ್ಲಿ ಮತ್ತೆ ಗಬ್ಬ ಆದವೆಷ್ಟು? ಸತ್ತವೆಷ್ಟು?"

"ಅದನ್ನೆಲ್ಲ ಯಾರು ನೆನಪಿಟ್ಕೊಳ್ತಾರೆ?"

"ನಾನಿಟ್ಕೊಂಡಿದ್ದೀನಿ. ಏನಾಯ್ತು ಅಂತ ಒಂದು ದಿನ ತಿರುಗಿ ಬಂದು ನೋಡ್ಲಿಲ್ಲ ನೀನು. ತಪ್ಪು ನಿನ್ನ ಕೈಯದು, ಹಣೆಬರಹ ನಂದಾ?"

ಅವನು ಎಣ್ಣೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಹೋದ. ಅವಳ ಸಿಟ್ಟು ಇಳಿಯಲಿಲ್ಲ. "ನೀವು ಯಾವತ್ತೂ ಕಿತ್ತಿಲ್ವಾ ಡಾಕ್ಟ್ರಮ್ಮ?"

ವೈದ್ಯೆ ಥರ್ಮಾಮೀಟರ್ ಒರೆಸಿಟ್ಟು ಹೇಳಿದರು. "ಆರು ವರ್ಷ ಕಿತ್ತಿದ್ದೀನಿ. ಹಿರಿಯರು ಮಾಡ್ತಿದ್ರು, ನಾನೂ ಮಾಡ್ದೆ. ಓದಿ ತಿಳಿದ ಮೇಲೆ ಬಿಟ್ಟೆ."

"ತಿಳಿದಿದ್ದನ್ನ ನಮಗ್ಯಾಕೆ ಹೇಳ್ಲಿಲ್ಲ? ನಿಮ್ಮ ಪುಸ್ತಕದಲ್ಲೇ ಇದ್ರೆ ನಮ್ಮ ಹಸು ಹೇಗೆ ಉಳಿಯುತ್ತೆ?"

"ಹೇಳ್ಬೇಕಿತ್ತಮ್ಮ. ತಪ್ಪಾಯ್ತು."

ಮೂರನೆಯ ದಿನ ಹಸುವಿಗೆ ಜ್ವರ ಬಂತು. ಮೇವು ಬಿಟ್ಟಿತು. "ನಾನು ಹೇಳಿದ್ದೆ ತಾನೇ ಅತ್ತಿಗೆ" ಎಂದು ಮೈದುನ ಹಾರಾಡಿದ. ಹಾಲಿನಕ್ಕ ಒಳಗೊಳಗೇ ಹೆದರಿದರೂ ಫೋನ್ ಮಾಡಿದ್ದು ವೈದ್ಯೆಗೇ. ಅವರು ತಡಮಾಡದೆ ಬಂದು ನಂಜಿಗೆ ಇಂಜೆಕ್ಷನ್ ಕೊಟ್ಟರು. "ಜ್ವರ ಬಂದಾಗ ಔಷಧಿ ಬೇಕು. ಎಳೆಯೋದು ಆಗಲೂ ಬೇಡ" ಎಂದರು. ಎರಡು ದಿನಕ್ಕೆ ಜ್ವರ ಇಳಿಯಿತು. ಎಂಟನೆಯ ದಿನ ಮಾಸು ತಾನಾಗಿಯೇ ಬಿತ್ತು. ನಾಲ್ಕು ತಿಂಗಳಿಗೆ ಹಸು ಮತ್ತೆ ಗಬ್ಬವಾಯಿತು.

ಆಮೇಲೊಂದು ದಿನ ಪಕ್ಕದ ಮನೆಯ ಕೊಟ್ಟಿಗೆಯಿಂದ ಜೋರು ದನಿ ಕೇಳಿಸಿತು. ಮೈದುನ ಬಾಗಿಲಿಗೆ ಅಡ್ಡ ನಿಂತಿದ್ದ. "ಎಳೀಬೇಡ್ರೋ. ಮೊದಲು ಡಾಕ್ಟ್ರಮ್ಮನ್ನ ಕರೀರಿ."

ಅಕ್ಕಂದಿರೇ, ಅಣ್ಣಂದಿರೇ, ಮಾಸು ಬೀಳದಿದ್ದರೆ ಎಳೆಯಬೇಡಿ, ಬೇಗ ಬೀಳಲಿ ಎಂದು ಜೋತಾಡುವ ತುದಿಗೆ ಭಾರ ಕಟ್ಟಬೇಡಿ. ಪಶುವೈದ್ಯರಿಗೆ ತಿಳಿಸಿ. ಹಸು ಮಂಕಾದರೆ, ಮೇವು ಬಿಟ್ಟರೆ, ಜ್ವರ ಬಂದರೆ ಅದೇ ದಿನ ಕರೆಸಿ. ಯಾರು ಯಾವ ಚಿಕಿತ್ಸೆ ಹೇಳಿದರೂ "ಇದರಿಂದ ಒಳ್ಳೆಯದಾಗುತ್ತೆ ಅಂತ ಪರೀಕ್ಷಿಸಿ ನೋಡಿದ್ದಾರಾ?" ಎಂದು ಕೇಳಿ. ಹಾಗೆ ಕೇಳುವುದು ಯಾರಿಗೂ ಅವಮಾನವಲ್ಲ. ಹಸುವಿಗೆ ಕೇಳಲು ಬಾಯಿಲ್ಲ. ನಿಮಗಿದೆ.