ಗೆರೆ ಎಳೆಸಿಕೊಂಡ ಮುಖ

ಫೋಟೊ ಸ್ಟುಡಿಯೋಗೆ ಬರುವವರೆಲ್ಲ ಕುರ್ಚಿಯಲ್ಲಿ ಕೂರುವ ಮೊದಲು ಒಂದೇ ಮಾತು ಹೇಳುತ್ತಾರೆ: "ಸ್ವಲ್ಪ ಚೆನ್ನಾಗಿ ಕಾಣೋ ಹಾಗೆ ಮಾಡಮ್ಮ."

ಕಂಪ್ಯೂಟರ್ ಮುಂದೆ ಕೂತ ಹುಡುಗಿ ಹಾಗೇ ಮಾಡುತ್ತಿದ್ದಳು. ಕಣ್ಣಿನ ಕೆಳಗಿನ ಕಪ್ಪು ಒರೆಸುತ್ತಿದ್ದಳು, ಮೊಡವೆ ಅಳಿಸುತ್ತಿದ್ದಳು, ಉಬ್ಬಿದ ಕೆನ್ನೆಯನ್ನು ಕೂದಲೆಳೆಯಷ್ಟು ಒಳಕ್ಕೆ ತಳ್ಳುತ್ತಿದ್ದಳು. ಏಳು ವರ್ಷದಿಂದ ಇದೇ ಕೆಲಸ.

ಅವಳದು ಅಗಲವಾದ ದವಡೆ. ಶಾಲೆಯಲ್ಲಿ ಯಾರೋ "ಡಬ್ಬಿ" ಎಂದರು. ಆ ಹೆಸರು ಅವಳ ಹಿಂದೆಯೇ ಮನೆಗೂ ಬಂತು. ಅಮ್ಮ, ಅಣ್ಣ, ಅಕ್ಕಪಕ್ಕದವರು, ಎಲ್ಲರ ಬಾಯಲ್ಲೂ ಡಬ್ಬಿ. ಮುದ್ದಿಗೇ ಕರೆಯುತ್ತಿದ್ದರು. ಅವಳೂ ಓಗೊಡುತ್ತಿದ್ದಳು.

ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ತನ್ನದೇ ಫೋಟೊ ತೆರೆದು, ದವಡೆಯನ್ನು ಎರಡೂ ಕಡೆಯಿಂದ ಸಣ್ಣಗೆ ಮಾಡಿ ನೋಡಿದಳು. ತೆರೆಯ ಮೇಲೆ ಬೇರೆ ಯಾರೋ ಇದ್ದರು. ಈ ಹುಡುಗಿ ಬಸ್ಸು ಹತ್ತಿದರೆ ಜನ ತಿರುಗಿ ನೋಡುತ್ತಾರೆ. ಈ ಹುಡುಗಿಯನ್ನು ನೋಡಿಹೋದವರು ಒಪ್ಪಿಗೆ ಎಂದು ಫೋನ್ ಮಾಡುತ್ತಾರೆ. ಅವಳ ಬದುಕು ಎಲ್ಲೋ ನಡೆಯುತ್ತಿದೆ, ತನಗೆ ಮಾತ್ರ ಅಲ್ಲಿಗೆ ದಾರಿ ಗೊತ್ತಿಲ್ಲ ಎಂದು ಡಬ್ಬಿಗೆ ಅನಿಸಿತು. ಆಮೇಲೆ ದಿನಕ್ಕೆ ಹತ್ತು ಸಲ ಆ ಫೋಟೊ ನೋಡತೊಡಗಿದಳು.

ದಾರಿ ತೋರಿಸಲು ಒಂದು ಬ್ಯೂಟಿ ಕ್ಲಿನಿಕ್ಕು ಕಾದಿತ್ತು. "ದವಡೆ ಮೂಳೆ ಸ್ವಲ್ಪ ಉಜ್ಜಿ ತೆಗೀತೀವಿ ಮೇಡಂ, ಅಷ್ಟೇ. ಬೆಳಗ್ಗೆ ಬಂದು ಸಂಜೆ ಹೋಗಬಹುದು" ಎಂದಿತು ಫೋನಿನ ಸಿಹಿ ದನಿ. ಸೋಮವಾರಕ್ಕೆ ದಿನ ಗೊತ್ತಾಯಿತು. ಅಮ್ಮನೂ ಹೂಂ ಎಂದಳು. ನೋಡಲು ಬಂದವರು ಹೋದಮೇಲೆ ಮಗಳು ಬಚ್ಚಲಲ್ಲಿ ನಲ್ಲಿ ತಿರುಗಿಸಿ ಅಳುವುದು ಅವಳಿಗೆ ಗೊತ್ತಿತ್ತು.

ಪಕ್ಕದ ಮನೆಯ ನರ್ಸಕ್ಕ ಮಾತ್ರ ಹುಬ್ಬು ಗಂಟಿಕ್ಕಿದಳು. ಅವಳು ದೊಡ್ಡಾಸ್ಪತ್ರೆಯಲ್ಲಿ ಕೆಲಸ ಮಾಡುವವಳು.

"ಆಪರೇಷನ್ ಮಾಡೋ ಡಾಕ್ಟರ್ ಯಾರೇ?"

"ಅದೆಲ್ಲ ಅವರು ನೋಡ್ಕೋತಾರಂತೆ ಅಕ್ಕ."

"ಚಪ್ಪಲಿ ಹೊಲಿಸೋಕೂ ನಾಲ್ಕು ಕಡೆ ವಿಚಾರಿಸ್ತೀಯಲ್ಲ! ಕೆಳದವಡೆ ಮೂಳೆ ಒಳಗೆ ನರ ಇರುತ್ತೆ. ಅದಕ್ಕೆ ಪೆಟ್ಟಾದ್ರೆ ತುಟಿ, ಗದ್ದ ಮರಗಟ್ಟಬಹುದು. ಕೆಲವರಿಗೆ ಸರಿಹೋಗುತ್ತೆ, ಕೆಲವರಿಗೆ ಇಲ್ಲ."

"ನೀನು ಸುಮ್ನೆ ಹೆದರಿಸ್ತೀಯ. ನಿನ್ನ ಮುಖ ಚೆನ್ನಾಗಿದೆ, ನಿನಗೇನು ಗೊತ್ತು?"

ನರ್ಸಕ್ಕ ವಾದಕ್ಕೆ ಇಳಿಯಲಿಲ್ಲ. "ಭಾನುವಾರ ಮಾರ್ಕೆಟ್ಟಿಗೆ ಬಾ. ಒಬ್ಬಳು ಕಲಾವಿದೆ ಬರ್ತಾಳೆ."

"ನಾಟಕಾನಾ?"

"ಹಾಡೂ ಇಲ್ಲ, ಕುಣಿತಾನೂ ಇಲ್ಲ. ಸುಮ್ನೆ ಕೂತಿರ್ತಾಳೆ. ಬಂದು ನೋಡು."

ಭಾನುವಾರ ಅಮ್ಮ, ಮಗಳು ಇಬ್ಬರೂ ಹೋದರು. ತರಕಾರಿ ಅಂಗಡಿಗಳ ನಡುವೆ ಸ್ಟೂಲಿನ ಮೇಲೆ ಐವತ್ತು ದಾಟಿದ ಹೆಂಗಸೊಬ್ಬಳು ಕೂತಿದ್ದಳು. ಪಕ್ಕದಲ್ಲಿ ಒಂದಿಷ್ಟು ಸ್ಕೆಚ್ ಪೆನ್ನು, ಒಂದು ಲೋಟ ನೀರು. ಎದುರಿಗೆ ಹಲಗೆ: "ನನ್ನ ಮುಖದಲ್ಲಿ ಏನು ಸರಿಯಿಲ್ಲವೋ ಅಲ್ಲಿ ಗೆರೆ ಎಳೆಯಿರಿ."

ಮೊದಲು ಎಲ್ಲರೂ ನಕ್ಕು ಹಿಂದೆ ಸರಿದರು. ಆಮೇಲೆ ಈರುಳ್ಳಿ ಮಾರುವವನು ಮೂಗಿನ ಮೇಲೆ ಗೆರೆ ಎಳೆದ. "ಮೂಗು ಉದ್ದ." ಇನ್ನೊಬ್ಬಳು ಅದೇ ಮೂಗಿಗೆ, "ಉದ್ದ ಎಲ್ಲಿದೆ? ಮೊಂಡು!" ಎಂದಳು. ಬಸ್ ಕಂಡಕ್ಟರ್ ಹಣೆ ದೊಡ್ಡದೆಂದ. ಅವನ ಹೆಂಡತಿ ಹಣೆಯೇ ಲಕ್ಷಣ ಎಂದಳು. ಅರ್ಧ ಗಂಟೆಯಲ್ಲಿ ಮುಖದಲ್ಲಿ ಕಾಳಿನಷ್ಟು ಜಾಗ ಉಳಿಯಲಿಲ್ಲ. ಕಲಾವಿದೆ ತುಟಿ ಪಿಟಕ್ಕೆನ್ನಲಿಲ್ಲ.

ಡಬ್ಬಿಯೂ ಪೆನ್ನು ಎತ್ತಿಕೊಂಡಳು. ಪಳಗಿದ ಕೈ. ತುಟಿಯ ಕೆಳಗಿಂದ ಗದ್ದದವರೆಗೆ ಎರಡು ನೇರ ಗೆರೆ ಎಳೆದು, "ಇಲ್ಲಿ ಇನ್ನೂ ಸಣ್ಣ ಆಗಬಹುದಿತ್ತು" ಎಂದಳು.

ಆಗ ಕಲಾವಿದೆ ಮೊದಲ ಸಲ ಬಾಯಿಬಿಟ್ಟಳು. "ಗೆರೆ ಎಳೆದ್ರೇನಮ್ಮಾ? ನನಗೆ ಗೊತ್ತೇ ಆಗಲಿಲ್ಲ."

ಲೋಟ ಎತ್ತಿ ನೀರು ಕುಡಿದಳು. ನೀರು ತುಟಿಯಂಚಿನಿಂದ ಇಳಿದು ಬಣ್ಣಬಣ್ಣದ ಗೆರೆಗಳ ಜೊತೆ ಕುತ್ತಿಗೆಗೆ ಹರಿಯಿತು. ಅವಳು ಒರೆಸಿಕೊಳ್ಳಲಿಲ್ಲ. ಅದು ಹರಿಯುತ್ತಿದೆಯೆಂದು ಅವಳಿಗೆ ತಿಳಿದಿರಲೇ ಇಲ್ಲ.

"ಆರು ವರ್ಷದ ಹಿಂದೆ ದವಡೆ ಸಣ್ಣ ಮಾಡಿಸ್ಕೊಂಡೆ. ಅವತ್ತಿಂದ ಇಲ್ಲಿ ಸ್ಪರ್ಶ ಇಲ್ಲ. ಮೊಮ್ಮಗಳು ಮುತ್ತು ಕೊಟ್ರೆ, ಕೊಟ್ಯಾ ಅಂತ ಕೇಳಬೇಕು."

ಡಬ್ಬಿ ಪೆನ್ನು ಕೆಳಗಿಟ್ಟಳು. ಆದರೂ ಕೇಳದಿರಲು ಆಗಲಿಲ್ಲ. "ಆಮೇಲೆ... ಚೆನ್ನಾಗಿ ಕಾಣಿಸಿದ್ರಾ?"

"ಸುಳ್ಳು ಹೇಳಲ್ಲ. ಕಾಣಿಸ್ದೆ. ಎಂಟು ತಿಂಗಳು ಕನ್ನಡಿ ಬಿಟ್ಟು ಏಳಲಿಲ್ಲ. ಆಮೇಲೆ ಮೂಗು ದಪ್ಪ ಅನ್ನಿಸೋಕೆ ಶುರುವಾಯ್ತು." ಅವಳು ಡಬ್ಬಿಯ ಕೈ ಹಿಡಿದುಕೊಂಡಳು. "ಯಾರಾದ್ರೂ ನನ್ನನ್ನು ಕಣ್ತುಂಬ ನೋಡಬೇಕು ಅಂತ ಆಸೆ ಇತ್ತಮ್ಮ. ಆ ಆಸೆ ಮೂಳೆ ಒಳಗೆ ಇರಲಿಲ್ಲ."

ಮನೆಗೆ ಬಂದ ತಕ್ಷಣ ನರ್ಸಕ್ಕ ಹೇಳಿಕೊಟ್ಟಂತೆ ಡಬ್ಬಿ ಕ್ಲಿನಿಕ್ಕಿಗೆ ಫೋನ್ ಮಾಡಿದಳು. ಡಾಕ್ಟರ್ ಹೆಸರೇನು? ಏನು ಓದಿದ್ದಾರೆ? ನರಕ್ಕೆ ಪೆಟ್ಟಾಗುವ ಅಪಾಯ ಎಷ್ಟು? ಹೆಚ್ಚುಕಮ್ಮಿಯಾದರೆ ಯಾವ ಆಸ್ಪತ್ರೆಗೆ ಕರೆದೊಯ್ಯುತ್ತೀರಿ?

"ಅದೆಲ್ಲ ಬಂದಾಗ ಹೇಳ್ತೀವಿ ಮೇಡಂ."

ಅಮ್ಮ ಫೋನ್ ಕಿತ್ತುಕೊಂಡಳು. "ನನ್ನ ಮಗಳ ಮೂಳೆ ಉಜ್ಜೋನ ಹೆಸರು ಹೇಳೋಕಾಗಲ್ವೇನ್ರೀ ನಿಮಗೆ? ನಾಳೆ ನಾವು ಬರಲ್ಲ!"

ಫೋನ್ ಇಟ್ಟಮೇಲೆ ಅಮ್ಮನ ದನಿ ಇಳಿಯಿತು. "ಡಬ್ಬಿ ಡಬ್ಬಿ ಅಂತ ನಾವೇ ಕರೆದ್ವಲ್ಲೇ. ಒಂದು ದಿನವೂ ನೀನು ಬೇಡ ಅನ್ನಲಿಲ್ಲ."

"ಅಂದಿದ್ರೆ ನಗ್ತಿದ್ರಿ, ಅಮ್ಮ."

ಅಮ್ಮ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. ಒರಟು ಬೆರಳುಗಳ ಬಿಸಿ ದವಡೆಯುದ್ದಕ್ಕೂ ಹರಡಿತು. ಮಗಳು ಕಣ್ಣು ಮುಚ್ಚಿಕೊಂಡಳು. ಅವತ್ತಿನಿಂದ ಆ ಮನೆಯಲ್ಲಿ ಯಾರೂ ಅವಳನ್ನು ಆ ಹೆಸರಿನಿಂದ ಕರೆದಿಲ್ಲ.

ಅವಳ ಆಸೆ ಹೋಯಿತೇ? ಇಲ್ಲ. ಕೆಲವು ಸಂಜೆ ಈಗಲೂ ಮನಸ್ಸು ತೆರೆಯ ಮೇಲಿನ ಆ ಹುಡುಗಿಯ ಕಡೆಗೆ ಎಳೆಯುತ್ತದೆ. "ಎಳೆಯಲಿ ಬಿಡು" ಎನ್ನುತ್ತಾಳೆ ನರ್ಸಕ್ಕ. "ಆಪರೇಷನ್ನೇ ಕೆಟ್ಟದ್ದು ಅಂತ ನಾನು ಹೇಳಲ್ಲ. ಸುಟ್ಟವರಿಗೆ, ಸೀಳುತುಟಿ ಮಕ್ಕಳಿಗೆ ಅದರಿಂದ ಹೊಸ ಬದುಕೇ ಸಿಗುತ್ತೆ. ಆರು ತಿಂಗಳು ಕಳೆದ ಮೇಲೂ ನಿನಗೆ ಬೇಕು ಅನ್ನಿಸಿದ್ರೆ, ದೊಡ್ಡಾಸ್ಪತ್ರೆ ಡಾಕ್ಟರನ್ನೇ ಕೇಳೋಣ. ನಾನೂ ಬರ್ತೀನಿ."

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಕತ್ತಿ ಮುಟ್ಟಿಸಿಕೊಳ್ಳುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಉತ್ತರ ಕೊಡದ ಜಾಗದಲ್ಲಿ ಮಲಗಬೇಡಿ. ಅವಸರ ಮಾಡುವವರ ಹತ್ತಿರ ಹೋಗಲೇಬೇಡಿ. ಯಾರ ರೂಪಕ್ಕೂ ಅಡ್ಡಹೆಸರು ಇಡಬೇಡಿ, ಮುದ್ದಿಗೂ ಬೇಡ. ಇವತ್ತು ಊಟಕ್ಕೆ ಕೂತಾಗ ನಿಮ್ಮ ಮನೆಯವರ ಮುಖವನ್ನು ಒಂದು ಗಳಿಗೆ ಸುಮ್ಮನೆ ನೋಡಿ. ನೀವು ನೋಡಲೆಂದು ಅವರು ಎಷ್ಟು ದಿನದಿಂದ ಕಾದಿದ್ದಾರೋ!